ಕಾರಿನ ರಬ್ಬರ್ ಮತ್ತು ವಿನೈಲ್‌ಗೆ 303 ಪ್ರೊಟೆಕ್ಟೆಂಟ್
ಬಿಸಿಲಿನಲ್ಲಿಯೇ ನಿಲ್ಲುವ ನಮ್ಮ ಕಾರಿನ ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಬೂದಿ ಬಳಿದಂತೆ ಬಿಳಿಚಿಕೊಂಡಾಗ, ಅಂಗಡಿಯವರ ಮಾತು ಕೇಳಿ ಮೊದಲು ಹಚ್ಚಿದ್ದು ಪೆಟ್ರೋಲಿಯಂ ದ್ರಾವಕ ಬೆರೆತ ಸಿಲಿಕೋನ್ ಪಾಲಿಶ್. ಅದು ಎರಡು ದಿನ ಮಿರಮಿರನೆ ಮಿಂಚಿ, ಆಮೇಲೆ ಬೆರಳಿಗೆ ಅಂಟುವಷ್ಟು ಜಿಡ್ಡಾಗಿ, ರಸ್ತೆಯ ಕೆಂಪು ಧೂಳನ್ನೆಲ್ಲ ಹಿಡಿದುಕೊಂಡಿತು. ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ ಎಂಬುದನ್ನು ಕೊಳ್ಳುವ ಮುನ್ನವೇ ತಿಳಿದಿರಬೇಕು. ಈಗ ಬಳಸುತ್ತಿರುವ 303 ಪ್ರೊಟೆಕ್ಟೆಂಟ್ ಎಂಬ ರಕ್ಷಕ ದ್ರವದಲ್ಲಿ ದ್ರಾವಕದ ಬದಲು ನೀರಿದೆ, ಅತಿನೇರಳೆ ಕಿರಣಗಳನ್ನು ತಡೆಯುವ ಅಂಶವೂ ಇದೆ. ತೊಳೆದು ಚೆನ್ನಾಗಿ ಒಣಗಿಸಿದ ರಬ್ಬರಿಗೂ ಡ್ಯಾಶ್‌ಬೋರ್ಡಿನ ವಿನೈಲ್‌ಗೂ ನೆರಳಿನಲ್ಲಿ ಹಚ್ಚಿ, ತಾನಾಗಿ ಆರಲು ಬಿಡದೆ ಒಣಬಟ್ಟೆಯಿಂದ ಪೂರ್ತಿ ಒರೆಸಿದರೆ, ಹೊಸದರಲ್ಲಿದ್ದಂತಹ ಮಿಂಚಿಲ್ಲದ ಗಾಢ ಕಪ್ಪು ಮರಳುತ್ತದೆ. ಬೆಲೆ ಹೆಚ್ಚೇ, ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಬಿರುಕುಬಿಟ್ಟ ರಬ್ಬರನ್ನು ಇದು ಸರಿಪಡಿಸದು. ಸ್ಟಿಯರಿಂಗ್ ಮತ್ತು ಪೆಡಲ್‌ಗಳಿಗೆ ಹಚ್ಚಲೇಬೇಡಿ, ಜಾರುತ್ತವೆ.