ಕಾಸರಗೋಡಿನ ರಿಕ್ಷಾ: ಮೀಟರಿನಲ್ಲಿ ಕಾಣದ ಅರ್ಧ ಬಾಡಿಗೆ

ಪೇಟೆಯೊಳಗೆ ಎರಡು-ಮೂರು ಕಿಲೋಮೀಟರ್ ಹೋಗಿಬರಲು ಕಾಸರಗೋಡಿನ ರಿಕ್ಷಾ ಒಳ್ಳೆಯ ಸೌಕರ್ಯವೇ. ರೈಲ್ವೆ ಸ್ಟೇಷನ್ ಎದುರು, ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ, ಹೊಸ ಬಸ್‌ಸ್ಟ್ಯಾಂಡಿನಲ್ಲಿ ರಿಕ್ಷಾ ಪಾರ್ಕ್ ಉಂಟು. ಸಾಲಿನ ಮುಂದಿನ ಗಾಡಿಗೇ ಹತ್ತಬೇಕು, ಹಿಂದಿನದಕ್ಕೆ ಕೈ ತೋರಿಸಿದರೆ ಬರುವುದಿಲ್ಲ. ಭಾಷೆಯ ಚಿಂತೆ ಬೇಡ. ಮಲಯಾಳ, ತುಳು, ಕನ್ನಡ ಮೂರರಲ್ಲೂ ಮಾತಾಡುವ ಚಾಲಕರು ಇಲ್ಲಿ ಧಾರಾಳ. ತಕರಾರು ಏಳುವುದೆಲ್ಲ ಪೇಟೆ ದಾಟಿದ ಮೇಲೆ. ಅದಕ್ಕೆ ಅರ್ಧ ಕಾರಣ ನಿಯಮ ಗೊತ್ತಿಲ್ಲದ ಪ್ರಯಾಣಿಕ, ಇನ್ನರ್ಧ ಮೀಟರ್ ಹಾಕದ ಚಾಲಕ.

ಕೇರಳದಲ್ಲಿ 2022ರ ಮೇ 1ರಿಂದ ಜಾರಿಗೆ ಬಂದ ದರದಂತೆ ಮೊದಲ 1.5 ಕಿ.ಮೀ.ಗೆ 30 ರೂಪಾಯಿ, ಆಮೇಲೆ ಕಿ.ಮೀ.ಗೆ 15. ಕಾಯಿಸಿದರೆ ಪ್ರತಿ 15 ನಿಮಿಷಕ್ಕೆ 10. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಮೀಟರಿನ ಮೇಲೆ ಅರ್ಧ ಜಾಸ್ತಿ. ಇಷ್ಟು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು ‘ರಿಟರ್ನ್’. ನಗರಸಭೆಯ ಗಡಿಯಾಚೆ ಹೋಗುವಾಗಿನ ಬಾಡಿಗೆ ಒಂದೇ ಕಡೆಯದ್ದಾದರೆ, ಮೀಟರಿನ ಮೊತ್ತದಿಂದ ಆ ಮೊದಲ 30 ಕಳೆದು, ಉಳಿದದ್ದರ ಅರ್ಧವನ್ನು ಹೆಚ್ಚಿಗೆ ಕೊಡಬೇಕು. ಖಾಲಿ ಗಾಡಿ ವಾಪಸು ಓಡಿಸುವ ಖರ್ಚು ಅದು. ಮೀಟರ್ ಇದನ್ನು ತೋರಿಸುವುದಿಲ್ಲ. ಇಳಿಯುವಾಗ ಬಾಯಲ್ಲಿ ಹೇಳುತ್ತಾರೆ. ಹೊಸಬರಿಗೆ ಮೋಸವೆನಿಸುವುದು ಇಲ್ಲೇ.

ಮಧೂರು ದೇವಸ್ಥಾನವನ್ನೇ ತೆಗೆದುಕೊಳ್ಳಿ, ಪೇಟೆಯಿಂದ ಸುಮಾರು 8 ಕಿ.ಮೀ. ಮೊದಲ 30, ಉಳಿದ ಆರೂವರೆಗೆ 97.50, ಮೀಟರಿನಲ್ಲಿ 127.50. ರಿಟರ್ನಿನ ಅರ್ಧ 48.75 ಸೇರಿ 176.25. ಬರುವಾಗ ಇನ್ನೊಂದು ಗಾಡಿ ಹಿಡಿದು ಅಷ್ಟೇ ಕೊಟ್ಟರೆ ಒಟ್ಟು 352.50. ಅದೇ ಗಾಡಿಯನ್ನು ನಿಲ್ಲಿಸಿಕೊಂಡರೆ 16 ಕಿ.ಮೀ.ಗೆ 247.50, ಒಂದು ಗಂಟೆ ಕಾದದ್ದಕ್ಕೆ 40, ಒಟ್ಟು 287.50. ಅಂದರೆ ಎರಡೂವರೆ ಗಂಟೆಯವರೆಗೆ ಕಾಯಿಸಿದರೂ ನಿಲ್ಲಿಸಿಕೊಳ್ಳುವುದೇ ಅಗ್ಗ. ಹತ್ತುವ ಮೊದಲೇ “ಹೋಗಿ ಬರ್ಲಿಕ್ಕೆ ಉಂಟು, ಕಾಯ್ಬೇಕು, ಮೀಟರ್ ಹಾಕಿ” ಎಂದುಬಿಡಿ. ಅಲ್ಲಿ ಹೋದ ಮೇಲೆ ಹೇಳಿದರೆ ಚೌಕಾಸಿ ಹೊಸದಾಗಿ ಶುರುವಾಗುತ್ತದೆ.

ಮೀಟರ್ ಹಾಕಿದ ಕೂಡಲೇ 30 ಬರಬೇಕು. 1.5 ಕಿ.ಮೀ. ಆಗುವವರೆಗೆ ಅದು ಕದಲಬಾರದು. ಬೇಗ ಕದಲಿದರೆ ಎಲ್ಲ ಸಲವೂ ಕೈಚಳಕ ಅಂತಲ್ಲ, ಟಯರನ್ನೂ ನೋಡಿ. ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ರಿಕ್ಷಾದ ಚಕ್ರ ಮೊದಲೇ ಚಿಕ್ಕದು, ನಡುವಿನಿಂದ ಅಂಚಿಗೆ ಇಪ್ಪತ್ತು ಸೆಂ.ಮೀ. ಆಸುಪಾಸು. ಟಯರ್ ಸವೆದು 5 ಮಿ.ಮೀ. ಕಡಿಮೆಯಾದರೆ ಅದೇ ದೂರಕ್ಕೆ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಸುತ್ತು. ಗಾಳಿ ಇಳಿದಿದ್ದರೂ ಇದೇ ದಿಕ್ಕಿನ ತಪ್ಪು. ಎಂಟು ಕಿ.ಮೀ.ಗೆ ಮೂರು-ನಾಲ್ಕು ರೂಪಾಯಿಯ ಮಾತು ಅಷ್ಟೆ, ಜಗಳಕ್ಕೆ ಯೋಗ್ಯವಲ್ಲ. ಇಪ್ಪತ್ತು-ಮೂವತ್ತು ಹೆಚ್ಚು ಬಂದರೆ ಮಾತ್ರ ಮೀಟರಿನ ಸೀಲು ನೋಡಿ, ನಂಬರ್ ಬರೆದುಕೊಳ್ಳಿ. ಹೆದ್ದಾರಿ 66 ಆರು ಪಥವಾದ ಮೇಲೆ ಇನ್ನೊಂದು ಸಂಗತಿ ಸೇರಿಕೊಂಡಿದೆ: ರಸ್ತೆಯ ಆಚೆ ಬದಿಯ ಮನೆ ಕಣ್ಣಿಗೆ ಕಾಣುತ್ತಿದ್ದರೂ ಸರ್ವೀಸ್ ರಸ್ತೆ ಹಿಡಿದು ಅಂಡರ್‌ಪಾಸ್‌ವರೆಗೆ ಹೋಗಿ ಸುತ್ತಿ ಬರಬೇಕು. ಆ ಸುತ್ತು ಚಾಲಕ ಬೇಕೆಂದು ಹಾಕಿದ್ದಲ್ಲ.

ಬೆಂಗಳೂರಿನವರ ‘ಆಟೋ’ ಇಲ್ಲಿ ‘ರಿಕ್ಷಾ’. ಇಂಗ್ಲಿಷಿನ ‘ಆಟೋರಿಕ್ಷಾ’ವನ್ನು ಘಟ್ಟದ ಮೇಲಿನವರು ತಲೆಯಿಂದ, ಕರಾವಳಿಯವರು ಬಾಲದಿಂದ ಹಿಡಿದುಕೊಂಡರು. ‘ಆಟೋ’ ಗ್ರೀಕ್, ತಾನೇ ಎಂದರ್ಥ. ‘ರಿಕ್ಷಾ’ ಜಪಾನಿನದು: ಜಿನ್ ಅಂದರೆ ಮನುಷ್ಯ, ರಿಕಿ ಅಂದರೆ ಬಲ, ಶಾ ಅಂದರೆ ಗಾಡಿ. 1870ರ ಸುಮಾರಿಗೆ ಟೋಕಿಯೋದಲ್ಲಿ ಬಳಕೆಗೆ ಬಂದ ಕೈಗಾಡಿಯ ಹೆಸರು ಅದು. ಹತ್ತು ವರ್ಷದಲ್ಲಿ ಶಿಮ್ಲಾಕ್ಕೂ ಬಂತು. ಇಂಗ್ಲಿಷಿನವರು ನಾಲಿಗೆಗೆ ಹಗುರವಾಗಲೆಂದು ಮುಂದಿನ ‘ಜಿನ್’ ಬಿಟ್ಟರು. ಎಳೆಯುವ ಮನುಷ್ಯ ಹೆಸರಿನಿಂದ ಮೊದಲು ಹೋದ, ಗಾಡಿಯಿಂದ ಎಷ್ಟೋ ಕಾಲದ ಮೇಲೆ ಹೋದ. ಈಗಿನ ಮೂರು ಚಕ್ರದ ಆಕಾರ ಇಟಲಿಯ ಪಿಯಾಜಿಯೋ 1948ರಲ್ಲಿ ತಂದ ‘ಆಪೆ’ಯದ್ದು, ಆಪೆ ಅಂದರೆ ಜೇನ್ನೊಣ. ಅದರ ಲೈಸೆನ್ಸ್ ಪಡೆದು ಬಜಾಜ್ ಇಲ್ಲಿ ತಯಾರಿಸಿತು.

ಬೇಕಲ ಕೋಟೆಗೆ ರಿಕ್ಷಾ ಬೇಡ. ಹದಿನಾರು ಕಿ.ಮೀ.ಗೆ ರಿಟರ್ನ್ ಸೇರಿ 356.25 ಆಗುತ್ತದೆ. ಚಂದ್ರಗಿರಿ ಸೇತುವೆಯ ಮೇಲೆ ಹೋಗುವ ಕಾಞಂಗಾಡ್ ಬಸ್ಸಿನಲ್ಲಿ ಇಪ್ಪತ್ತೈದರ ಆಸುಪಾಸಿಗೆ ಮುಗಿಯುತ್ತದೆ.

ಮಂಗಳೂರು ಕಡೆಯಿಂದ ಬರುವವರು ಒಂದು ನೆನಪಿಡಿ: ಮೇಲಿನ ಲೆಕ್ಕವೆಲ್ಲ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಈಚೆಗೆ ಮಾತ್ರ. ಆಚೆಯದು ದಕ್ಷಿಣ ಕನ್ನಡದ ದರ, ಪರ್ಮಿಟ್ಟೂ ಬೇರೆ. ತೂಮಿನಾಡಿನಿಂದ ಕೋಟೆಕಾರಿಗೆ ಹೋಗಬೇಕಾದರೆ ತಲಪಾಡಿಯಲ್ಲಿ ಇಳಿದು ಆಚೆ ಬದಿಯ ಗಾಡಿ ಹಿಡಿಯಿರಿ. “ಸೀದಾ ಬಿಡ್ತೇನೆ” ಅಂದವರು ಹೇಳುವ ರೇಟು ಯಾವ ಪಟ್ಟಿಯಲ್ಲೂ ಇರುವುದಿಲ್ಲ.