ಮೆಣಸಿನಕಾಯಿ ಬಣ್ಣದ ಕಂಪನಿ: ಹುಬ್ಬಳ್ಳಿಯೋ, ಧಾರವಾಡವೋ, ಬ್ಯಾಡಗಿಯೋ?

ಮೆಣಸಿನಕಾಯಿಯಿಂದ ಓಲಿಯೊರೆಸಿನ್ (ಬಣ್ಣ, ಖಾರ ಎರಡೂ ಇರುವ ಎಣ್ಣೆಯಂಥ ಗಟ್ಟಿ ಸಾರ) ತೆಗೆಯುವ ಸಣ್ಣ ಕಂಪನಿಯನ್ನು ಎಲ್ಲಿ ಶುರು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಮೂರು ಜಾಗ ಇವೆ: ಹುಬ್ಬಳ್ಳಿಯ ಇನ್‌ಕ್ಯುಬೇಟರ್ (ಹೊಸ ಕಂಪನಿಗಳಿಗೆ ಜಾಗ, ನೆರವು ಕೊಡುವ ಕೇಂದ್ರ), ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಹಾವೇರಿ ಜಿಲ್ಲೆಯ ಬ್ಯಾಡಗಿ.

ಮೊದಲು ಖರ್ಚು. ಇನ್‌ಕ್ಯುಬೇಟರಿನಲ್ಲಿ ಜಾಗ ಕೊಳ್ಳಬೇಕಿಲ್ಲ. ಸಲಹೆ ಸಿಗುತ್ತದೆ, ಹೂಡಿಕೆದಾರರ ಪರಿಚಯವೂ ಆಗುತ್ತದೆ. ಆದರೆ ಸಾರ ತೆಗೆಯಲು ಹೆಕ್ಸೇನ್‌ನಂಥ ದ್ರಾವಕ ಬಳಸುವ ಘಟಕವನ್ನು ಆಫೀಸು ಕಟ್ಟಡದಲ್ಲಿ ಇಡಲಾಗದು. ಹೆಕ್ಸೇನ್ ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಪ್ರಯೋಗ, ಪ್ಲಾನು, ಸ್ಯಾಂಪಲ್‌ಗೆ ಮಾತ್ರ ಹುಬ್ಬಳ್ಳಿ ಸರಿ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಕಚ್ಚಾ ಮಾಲಿನಲ್ಲಿ ಬ್ಯಾಡಗಿಗೆ ಸಾಟಿ ಇಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಮಾರುಕಟ್ಟೆ, ಕೋಲ್ಡ್ ಸ್ಟೋರೇಜ್ ಎಲ್ಲ ಕೈಗೆಟುಕುವಷ್ಟು ಹತ್ತಿರ. ಮಾಲನ್ನು ಕಣ್ಣಾರೆ ನೋಡಿ ಖರೀದಿಸಬಹುದು. ಅದು ಸಣ್ಣ ಲಾಭ ಅಲ್ವೇ ಅಲ್ಲ.

ಆದರೆ ಕೆಮಿಸ್ಟ್ ಬೇಕೆಂದರೆ? ಅಲ್ಲಿ ಧಾರವಾಡ ಮುಂದೆ. 1986ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, 2016ರಿಂದ ಐಐಟಿ, ಎಲ್ಲವೂ ಅಲ್ಲೇ. ಓದಿದ ಹುಡುಗ ಹುಡುಗಿಯರು ಊರು ಬಿಡದೆ ಕೆಲಸಕ್ಕೆ ಬರುತ್ತಾರೆ. ಸುಮ್ನೆ ಬೋರ್ಡ್ ಹಾಕಿ ‘ಕ್ಲಸ್ಟರ್’ (ಒಂದೇ ಬಗೆಯ ಉದ್ಯಮಗಳ ಗುಂಪು) ಅಂದರೆ ಕಂಪನಿಗಳು ಬರುವುದಿಲ್ಲ, ಇಂಥ ಜನ ಇದ್ದರೆ ಬರುತ್ತವೆ.

ಸಾಗಣೆ ವಿಚಾರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹೆದ್ದಾರಿ ಎರಡಕ್ಕೂ ಹತ್ತಿರವೇ.

ಒಣ ಕಾಯಿ ವಿಂಗಡಿಸಿ, ಪುಡಿ ಮಾಡಿ ಮಾರುವುದೇ ಮುಖ್ಯವಾದರೆ ಬ್ಯಾಡಗಿ. ಬಣ್ಣದ ಗುಣಮಟ್ಟ ಅಳೆದು ರಫ್ತು ಮಾಡುವ ಆಸೆಯಿದ್ದರೆ ಬೇಲೂರು. ದುಡ್ಡು ಇನ್ನೂ ಕೂಡಿಲ್ಲವೇ? ಹುಬ್ಬಳ್ಳಿಯಲ್ಲಿ ಒಂದು ಟೇಬಲ್ ಹಿಡಿಯಿರಿ.