ಮುಧೋಳ ನಾಯಿಯನ್ನು ತರಬೇತಿಗೆ ಬಿಟ್ಟುಬರುವ ಮುನ್ನ ಇದನ್ನು ಓದಿ

ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ ನಾಯಿ ಸಾಕಿರುವವರಲ್ಲಿ, ಅದರಲ್ಲೂ ಮುಧೋಳ ನಾಯಿ ಇರುವವರಲ್ಲಿ, ಒಂದು ವಿನಂತಿ. ‘ನಾಯಿಯನ್ನು ನಮ್ಮಲ್ಲಿ ಬಿಟ್ಟುಹೋಗಿ, ಕೆಲವೇ ವಾರಗಳಲ್ಲಿ ಹಗ್ಗವಿಲ್ಲದೆ ಹೇಳಿದ ಮಾತು ಕೇಳುವ ಹಾಗೆ ಮಾಡಿ ಕೊಡುತ್ತೇವೆ, ಗ್ಯಾರಂಟಿ’ ಎನ್ನುವವರ ಕೈಗೆ ನಿಮ್ಮ ನಾಯಿಯನ್ನು ಒಪ್ಪಿಸಬೇಡಿ. ನಮ್ಮ ಮುಧೋಳ ನಾಯಿ ಚಿಗರಿ ಅಂಥವರ ಬಳಿಯಿಂದ ಕೊರಳಲ್ಲಿ ಗಾಯ ಹೊತ್ತು, ಹೆದರಿದ ಪ್ರಾಣಿಯಾಗಿ ಮನೆಗೆ ಬಂದಳು.

ಚಿಗರಿಗೆ ಕೂಡುವುದು, ಮಲಗುವುದು, ಮನೆಯೊಳಗೆ ಕರೆದರೆ ಬರುವುದು ಮೊದಲೇ ಗೊತ್ತಿತ್ತು. ಕಲಿಯಬೇಕಾಗಿದ್ದದ್ದು ಅದರ ಮುಂದಿನ ಪಾಠ. ಬಯಲಲ್ಲೂ ಹೇಳಿದ ಜಾಗದಲ್ಲಿ ಕದಲದೆ ಇರುವುದು, ಹಗ್ಗ ಜಗ್ಗದೆ ಪಕ್ಕದಲ್ಲಿ ನಡೆಯುವುದು, ಎದುರಿಗೆ ಕುರಿ ಹಿಂಡು ಹಾದರೂ ಕರೆದೊಡನೆ ತಿರುಗಿ ಬರುವುದು. ಬಾಗಲಕೋಟೆಯ ನವನಗರದ ಅಗಲವಾದ ರಸ್ತೆಗಳಲ್ಲಿ ಈ ಕೊನೆಯದು ಬಹಳ ಮುಖ್ಯ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಹೊಲದಲ್ಲಿ ಮೊಲ ಅಟ್ಟಿಸಿಕೊಂಡು ಹೋಗಲೆಂದೇ ತಲೆಮಾರುಗಳಿಂದ ಸಾಕಿಕೊಂಡು ಬಂದದ್ದು. ಓಡುವ ವಸ್ತು ಕಣ್ಣಿಗೆ ಬಿದ್ದರೆ ಅದರ ಕಿವಿಗೆ ನಮ್ಮ ಕೂಗು ತಾಗುವುದೇ ಇಲ್ಲ. ಅದು ಹಟವಲ್ಲ, ರಕ್ತದಲ್ಲಿ ಬಂದ ಗುಣ. ಅದನ್ನು ತಿದ್ದಲು ತಾಳ್ಮೆ ಬೇಕು.

ತರಬೇತುದಾರರ ಮಾತು ಬಹಳ ನಯವಾಗಿತ್ತು. 2016ರಲ್ಲಿ ಭಾರತೀಯ ಸೇನೆ ಮುಧೋಳದ ಮರಿಗಳನ್ನು ಮೀರತ್‌ಗೆ ಒಯ್ದು ಪಳಗಿಸಿದ್ದನ್ನು ಹೇಳಿ, ತಮ್ಮದೂ ಅದೇ ಪದ್ಧತಿ ಎಂದರು. ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಹೇಳಿದರೆ ಜೋಪಾನವಾಗಿರಿ. ಸೇನೆಯಲ್ಲಿ ನಾಯಿಯ ಜೊತೆಗೆ ಅದನ್ನು ನಡೆಸುವ ಸೈನಿಕನೂ ಇರುತ್ತಾನೆ. ಇಬ್ಬರೂ ತಿಂಗಳುಗಟ್ಟಲೆ ಒಟ್ಟಿಗೆ ಕಲಿಯುತ್ತಾರೆ. ಇಲ್ಲಿ ನಮ್ಮನ್ನು ಗೇಟಿನ ಒಳಗೂ ಬಿಡಲಿಲ್ಲ. ‘ನೀವು ಬಂದರೆ ನಾಯಿಯ ಮನಸ್ಸು ಕದಡುತ್ತದೆ ಮೇಡಂ, ವಿಡಿಯೋ ಕಳಿಸುತ್ತೇವೆ’ ಎಂದರು. ವಿಡಿಯೋಗಳು ಬಂದವು. ಚಿಗರಿ ಗೊಂಬೆಯಂತೆ ಕುಳಿತಿದ್ದಳು, ಹಗ್ಗವಿಲ್ಲದೆ ಪಕ್ಕದಲ್ಲೇ ನಡೆಯುತ್ತಿದ್ದಳು. ಆದರೆ ಕಿವಿ ತಲೆಗೆ ಅಂಟಿದ್ದವು, ಬಾಲ ಹೊಟ್ಟೆಯ ಕೆಳಗೆ ಸೇರಿತ್ತು, ಮತ್ತೆ ಮತ್ತೆ ತುಟಿ ನೆಕ್ಕುತ್ತಿದ್ದಳು. ಹಸಿವಿಲ್ಲದ ಹೊತ್ತಿನಲ್ಲಿ ನಾಯಿ ಹೀಗೆ ತುಟಿ ನೆಕ್ಕಿದರೆ, ನಿದ್ದೆ ಬಾರದಿದ್ದರೂ ಆಕಳಿಸಿದರೆ, ಅದು ಒಳಗೊಳಗೇ ಕಳವಳಪಡುತ್ತಿದೆ ಎಂದು ತಿಳಿಯಿರಿ. ಕರೆತರಲು ಹೊರಟಾಗ ‘ತರಬೇತಿ ಅರ್ಧಕ್ಕೆ ನಿಂತರೆ ನಾಯಿ ಕೆಡುತ್ತದೆ’ ಎಂದು ತಡೆದರು.

ಮನೆಗೆ ಬಂದ ಮೇಲೆ ಪಶುವೈದ್ಯರು ಕೊರಳಿನ ಕೂದಲನ್ನು ಬೆರಳಿನಿಂದ ಸರಿಸಿ ತೋರಿಸಿದರು. ಗಂಟಲಿನ ಎಡಕ್ಕೆ ಅಕ್ಕಪಕ್ಕದಲ್ಲಿ ಎರಡು ದುಂಡನೆಯ ಗಾಯಗಳು. ಅಂಚು ಕಪ್ಪಾಗಿತ್ತು, ನಡುವೆ ಕೀವು ತುಂಬಿತ್ತು. ವೈದ್ಯರಿಗೆ ನೋಡಿದ ಕೂಡಲೇ ಗೊತ್ತಾಯಿತು, ಕರೆಂಟ್ ಪಟ್ಟಿ. ಕೊರಳಪಟ್ಟಿಯ ಒಳಬದಿಗೆ ಎರಡು ಲೋಹದ ಮೊನೆಗಳಿರುತ್ತವೆ. ಅವು ಚರ್ಮಕ್ಕೆ ಒತ್ತಿಕೊಂಡಿದ್ದರೆ ಮಾತ್ರ ರಿಮೋಟಿನ ಗುಂಡಿ ಒತ್ತಿದಾಗ ಶಾಕ್ ತಗಲುತ್ತದೆ. ಅದನ್ನು ಗಂಟೆಗಟ್ಟಲೆ ಬಿಚ್ಚದೆ ಬಿಟ್ಟರೆ ಮೊನೆ ಒತ್ತಿದಲ್ಲಿ ಚರ್ಮ ಕೊಳೆಯುತ್ತದೆ. ಮುಧೋಳ ನಾಯಿಗೆ ಕೂದಲು ಗಿಡ್ಡ, ಚರ್ಮ ತೆಳು, ಅದರಡಿಯಲ್ಲಿ ಕೊಬ್ಬೂ ಕಡಿಮೆ. ಫೋನಿನಲ್ಲಿ ಕೇಳಿದ್ದಕ್ಕೆ ಬಂದ ಉತ್ತರ: ‘ಸ್ವಲ್ಪ ಬಿಸಿ ಮುಟ್ಟಿಸದಿದ್ದರೆ ಬೇಟೆ ನಾಯಿ ಮಾತು ಕೇಳುವುದಿಲ್ಲ ಮೇಡಂ.’

ಗಾಯ ಮಾಯಿತು. ಮಾಯದಿರುವುದು ಬೇರೆ. ಶಾಕ್ ಎಲ್ಲಿಂದ ಬಂತೆಂದು ನಾಯಿಗೆ ತಿಳಿಯುವುದಿಲ್ಲ. ರಿಮೋಟ್ ಹಿಡಿದ ಕೈ ದೂರದಲ್ಲಿರುತ್ತದೆ. ಆ ಕ್ಷಣಕ್ಕೆ ಕಣ್ಣೆದುರು ಏನಿತ್ತೋ ಅದೇ ನೋಯಿಸಿತು ಎಂದು ಅದು ಗಂಟು ಹಾಕಿಕೊಳ್ಳುತ್ತದೆ. ಮೊದಲು ಓಣಿಯ ಹುಡುಗರ ಸೈಕಲ್ ಜೊತೆ ಕುಣಿಯುತ್ತಾ ಓಡುತ್ತಿದ್ದ ಚಿಗರಿ ಈಗ ಸೈಕಲ್ ಕಂಡರೆ ಹಲ್ಲು ತೋರಿಸಿ ಗುರುಗುಡುತ್ತಾಳೆ, ಮರುಗಳಿಗೆಯಲ್ಲೇ ಮಂಚದಡಿ ನುಸುಳುತ್ತಾಳೆ. ಯಾರನ್ನೂ ಕಚ್ಚದಿದ್ದ ನಾಯಿ ನಾಳೆ ಒಂದು ಮಗುವನ್ನು ಕಚ್ಚಿದರೆ ಯಾರು ಹೊಣೆ? ಈ ಪ್ರಶ್ನೆ ಕೇಳುವಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ 2010ರಿಂದಲೇ ನಾಯಿಗೆ ಇಂಥ ಪಟ್ಟಿ ಹಾಕುವುದನ್ನು ನಿಷೇಧಿಸಿದ್ದಾರೆ.

ನೋವಿಲ್ಲದೆ ಇದನ್ನು ಕಲಿಸಲು ಬರುವುದಿಲ್ಲವೇ? ಬರುತ್ತದೆ, ಈಗ ನಮ್ಮ ಮನೆಯಲ್ಲೇ ನಡೆಯುತ್ತಿದೆ. ‘ಇರು’ ಎಂಬ ಪಾಠದಲ್ಲಿ ಮೂರು ಸಂಗತಿಗಳಿವೆ. ಎಷ್ಟು ಹೊತ್ತು ಇರಬೇಕು, ನಾವು ಎಷ್ಟು ದೂರ ಹೋಗುತ್ತೇವೆ, ಸುತ್ತ ಎಷ್ಟು ಗದ್ದಲವಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಬೇಕು. ದೂರ ಹೆಚ್ಚಿಸುವ ದಿನ ಹೊತ್ತನ್ನು ಕಡಿಮೆ ಮಾಡಬೇಕು. ನಾಯಿ ತಪ್ಪಿದರೆ ಬೈಯದೆ ಒಂದು ಹೆಜ್ಜೆ ಹಿಂದಿನ ಪಾಠಕ್ಕೆ ಮರಳಬೇಕು. ಕರೆದರೆ ಬರುವುದನ್ನು ಬಯಲಲ್ಲಿ ಉದ್ದನೆಯ ಹಗ್ಗ ಕಟ್ಟಿಯೇ ಕಲಿಸಬೇಕು. ಹಗ್ಗವನ್ನು ಕೊರಳಿಗೆ ಕಟ್ಟದೆ ಎದೆಪಟ್ಟಿಗೆ ಕಟ್ಟಿ, ಏಕೆಂದರೆ ಇಷ್ಟು ವೇಗದ ನಾಯಿ ಹಗ್ಗದ ತುದಿ ಮುಟ್ಟಿ ನಿಂತಾಗ ಕುತ್ತಿಗೆಗೆ ಬೀಳುವ ಪೆಟ್ಟು ಸಣ್ಣದಲ್ಲ. ಬಂದಾಗಲೆಲ್ಲ ಬೇಯಿಸಿದ ಕೋಳಿಯದೋ ಮೊಟ್ಟೆಯದೋ ಚೂರು ಕೊಡಿ. ಕರೆದು ಬಂದ ನಾಯಿಗೆ ಮಾತ್ರ ಎಂದೂ ಹೊಡೆಯಬೇಡಿ. ಬೇಲಿ ಇಲ್ಲದ ಜಾಗದಲ್ಲಿ ಈ ತಳಿಯನ್ನು ಹಗ್ಗ ಬಿಚ್ಚಿ ಬಿಡುವುದೇ ಬೇಡ ಎನ್ನುವುದು ನನ್ನ ಅಭಿಪ್ರಾಯ, ಎಷ್ಟೇ ಚೆನ್ನಾಗಿ ಕಲಿತಿರಲಿ.

ತರಬೇತುದಾರರು ಬೇಕೇ ಬೇಕೆಂದರೆ ನಿಮ್ಮ ಮನೆಗೇ ಬಂದು, ನಿಮ್ಮ ಕೈಯಲ್ಲೇ ಮಾಡಿಸುವವರನ್ನು ಹುಡುಕಿ. ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ ಎಂದು ನೇರವಾಗಿ ಕೇಳಿ. ಉತ್ತರ ತೇಲಿಸಿದರೆ ಅಲ್ಲಿಗೇ ಮಾತು ಮುಗಿಸಿ.

ಈಗಾಗಲೇ ಎಲ್ಲಿಯಾದರೂ ಬಿಟ್ಟಿದ್ದರೆ ಹೇಳದೆ ಕೇಳದೆ ಹೋಗಿ ನೋಡಿ, ಕೊರಳಪಟ್ಟಿ ಬಿಚ್ಚಿಸಿ ಕೂದಲು ಸರಿಸಿ ನೋಡಿ. ಗಾಯವಿದ್ದರೆ ಮಾಯುವ ಮೊದಲೇ ಫೋಟೋ ತೆಗೆದು, ಪಶುವೈದ್ಯರಿಂದ ಲಿಖಿತ ವರದಿ ಪಡೆದು ಪೊಲೀಸ್ ಠಾಣೆಗೆ ದೂರು ಕೊಡಿ. ಪ್ರಾಣಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ಬರೆದಿರುವ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ. ಹಾಗಿದ್ದರೂ ಕೊಡಿ. ಆ ಗೇಟಿನ ಮುಂದೆ ನಾಯಿ ಹಿಡಿದು ನಿಲ್ಲುವ ಮುಂದಿನ ಮನೆಯವರು ವಿಚಾರಿಸಿದಾಗ ಠಾಣೆಯಲ್ಲಿ ಒಂದು ದಾಖಲೆಯಾದರೂ ಇರಲಿ.